ಕುತ್ತಿಗೆ ಬೋಳಾದ ಕೋಳಿ: ರೋಗದ್ದಲ್ಲ, ರಾಯಚೂರಿನ ಬಿಸಿಲಿಗೆ ಹೇಳಿ ಮಾಡಿಸಿದ್ದು

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಹೋದ ವರ್ಷ ಸಂತೆಯಲ್ಲಿ ಜವಾರಿ ಕೋಳಿಗಳ ಜೊತೆ ಕುತ್ತಿಗೆಗೆ ಗರಿಯೇ ಇಲ್ಲದ ಒಂದು ಹೇಂಟೆ ತಂದೆ. ಗಂಟಲ ಮುಂದೆ ಮಾತ್ರ ಒಂದು ಚಿಟಿಕೆ ಗರಿ ಇದೆ. ನಮ್ಮ ಮನೆಯ ಮಾಮೂಲಿ ಜವಾರಿ ಹುಂಜವೇ ಅದರ ಜೊತೆ ಇದ್ದದ್ದು. ಕಾವು ಕೂತು 10 ಮರಿ ಮಾಡಿತು. 6 ಮರಿಗೆ ಕುತ್ತಿಗೆ ಬೋಳು, 4 ಮರಿಗೆ ಗರಿ ಇದೆ. ನಮ್ಮತ್ತೆ "ಇದು ರೋಗದ ಕೋಳಿ, ಮನೀಗೆ ಬ್ಯಾಡ" ಅಂತಾರೆ. ಪಕ್ಕದ ಮನೆಯವರು ಟರ್ಕಿ ಕೋಳಿ ಜೊತೆ ಕ್ರಾಸ್ ಆಗಿದೆ ಅಂತಾರೆ. ಮೊಬೈಲಲ್ಲಿ ಹುಡುಕಿದರೆ ಟ್ರಾನ್ಸಿಲ್ವೇನಿಯಾ ತಳಿ ಅಂತ ಬರುತ್ತೆ. ನಿಜವಾಗಿ ಇದು ಎಲ್ಲಿಯದು? ಇದನ್ನೇ ಬೆಳೆಸಬಹುದಾ?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ಹೇಂಟೆಯನ್ನು ಮಾರಬೇಡಿ, ಕೊಯ್ಯಲೂಬೇಡಿ. ನಿಮ್ಮ ಊರಿನ ಬೇಸಿಗೆಗೆ ಅದಕ್ಕಿಂತ ಒಳ್ಳೆ ಕೋಳಿ ಸಿಗೋದು ಕಷ್ಟ.

ನಿಮ್ಮತ್ತೆಯವರ ಅನುಮಾನದಲ್ಲಿ ತಪ್ಪೇನಿಲ್ಲ. ಗರಿ ಉದುರಿದ ಕೋಳಿ ಅಂದರೆ ಹೇನು, ಹುಳ, ಕುಕ್ಕಾಟ ಅಂತಲೇ ಅನುಭವಸ್ಥರು ಮೊದಲು ಯೋಚಿಸುತ್ತಾರೆ. ಆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ರೋಗದಿಂದ ಗರಿ ಹೋದರೆ ಚರ್ಮದ ಮೇಲೆ ಮುರಿದ ಗರಿಯ ಮೊಂಡು ಬುಡ ಉಳಿದಿರುತ್ತದೆ, ಹಕ್ಕಳೆ ಇರುತ್ತದೆ, ಬೋಳಾದ ಜಾಗ ಅಡ್ಡಾದಿಡ್ಡಿ ಇರುತ್ತದೆ. ಚಿಕಿತ್ಸೆ ಮಾಡಿದರೆ ಗರಿ ಮತ್ತೆ ಬರುತ್ತದೆ. ನಿಮ್ಮ ಕೋಳಿಯ ಕುತ್ತಿಗೆ ಮುಟ್ಟಿ ನೋಡಿ. ನುಣ್ಣಗಿರುತ್ತದೆ, ಎರಡೂ ಕಡೆ ಒಂದೇ ಸಮ ಬೋಳಾಗಿರುತ್ತದೆ. ತಲೆಯ ಮೇಲೆ ಮಾತ್ರ ಟೋಪಿ ಹಾಕಿದ ಹಾಗೆ ಗರಿ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಮರಿಗಳೇ. ಮೊಟ್ಟೆಯಿಂದ ಹೊರಬಂದ ದಿನವೇ 6 ಮರಿಗೆ ಕುತ್ತಿಗೆ ಬೋಳಿತ್ತು, ಅಲ್ವಾ? ಯಾವ ಹೇನೂ ಮೊಟ್ಟೆಯೊಳಗೆ ಹೋಗಿ ಕುತ್ತಿಗೆಯ ಗರಿಯನ್ನು ಮಾತ್ರ ತಿಂದು ಬರಲ್ಲ. ಅದು ಹುಟ್ಟಿನಿಂದ ಬಂದ ಗುಣ.

ಟರ್ಕಿ ಮಾತು ನಿಮ್ಮ ಪಕ್ಕದ ಮನೆಯವರು ಹುಟ್ಟಿಸಿದ್ದಲ್ಲ. ಅಮೆರಿಕದಲ್ಲೂ ಜನ ಹಾಗೇ ನಂಬಿ ಈ ಕೋಳಿಗೆ 'ಟರ್ಕನ್' ಅಂತ ಹೆಸರಿಟ್ಟರು. ಆ ಹೆಸರು ಇವತ್ತಿಗೂ ಅಲ್ಲಿ ಚಾಲ್ತಿಯಲ್ಲಿದೆ. ಆದರೆ ಟರ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಹುಟ್ಟುಗುಣಗಳನ್ನು ಹೊತ್ತು ತರುವ ಎಳೆಗಳಿಗೆ ಕ್ರೋಮೋಸೋಮ್ ಅಂತಾರೆ. ಕೋಳಿಗೆ ಅವು 39 ಜೊತೆ, ಟರ್ಕಿಗೆ 40 ಜೊತೆ. ಟರ್ಕಿ ಮೂಲತಃ ಅಮೆರಿಕ ಖಂಡದ ಹಕ್ಕಿ. ನಿಮ್ಮ ಹೇಂಟೆ ಮಾಮೂಲಿ ಜವಾರಿ ಹುಂಜದ ಜೊತೆ ಸೇರಿ 10 ಮರಿ ಮಾಡಿದೆ. ಬೇರೆ ಜಾತಿಯ ರಕ್ತ ಬೆರೆತಿದ್ದರೆ ಇಷ್ಟು ಸಲೀಸಾಗಿ ಮರಿ ಆಗ್ತಿರಲಿಲ್ಲ.

ಇನ್ನು ಮುಖ್ಯ ವಿಷಯ. ಬೋಳು ಕುತ್ತಿಗೆ ಅನ್ನೋದು ಒಂದು ತಳಿ ಅಲ್ಲ. ಅದು ಒಂದೇ ಒಂದು ಜೀನ್, ಅಂದರೆ ಕ್ರೋಮೋಸೋಮಿನ ಮೇಲಿರುವ, ಒಂದು ಗುಣವನ್ನು ತರುವ ತುಣುಕು. ಆ ಜೀನ್ ಜವಾರಿ ಕೋಳಿಯಲ್ಲಿ ಇರಬಹುದು, ಫಾರಂ ಕೋಳಿಯಲ್ಲಿ ಇರಬಹುದು, ಕರಿ ಕೋಳಿಯಲ್ಲೂ ಇರಬಹುದು. ಟ್ರಾನ್ಸಿಲ್ವೇನಿಯಾದ್ದು ಅಂತ ಮೊಬೈಲಲ್ಲಿ ಕಾಣೋದು ಆ ಜೀನ್ ಇರುವ ಹಲವು ಕೋಳಿಗಳಲ್ಲಿ ಒಂದು, ಅಷ್ಟೇ. ನಿಮ್ಮದು ಜವಾರಿ ಕೋಳಿಯೇ, ಜೊತೆಗೆ ಆ ಜೀನ್ ಇದೆ.

ಈ ಗುಣ ಒಂದೇ ಜೀನಿನಿಂದ ಬರುತ್ತದೆ ಅನ್ನೋದು ಹೊಸ ವಿಷಯ ಅಲ್ಲ. ಅಮೆರಿಕದ ಜೀವವಿಜ್ಞಾನಿ ಚಾರ್ಲ್ಸ್ ಡೆವನ್‌ಪೋರ್ಟ್ 1914ರಲ್ಲೇ ಬೋಳು ಕುತ್ತಿಗೆ ಕೋಳಿಗಳ ವಂಶದ ಲೆಕ್ಕ ಬರೆದಿದ್ದರು. ಗರಿ ಇರುವ ಕೋಳಿ ಜೊತೆ ಸೇರಿಸಿದರೂ ಬೋಳೇ ಮೇಲುಗೈ ಆಗುತ್ತದೆ ಅಂತ ತೋರಿಸಿದರು. ಆ ಲೆಕ್ಕದಿಂದಲೇ ನಿಮ್ಮ 10 ಮರಿಗಳನ್ನು ಓದಬಹುದು.

ಕೋಳಿಯಲ್ಲಿ ಹೆಚ್ಚುಕಡಿಮೆ ಎಲ್ಲ ಜೀನಿಗೂ ಎರಡೆರಡು ಪ್ರತಿ (ನಕಲು) ಇರುತ್ತವೆ. ಒಂದು ಹುಂಜದಿಂದ, ಇನ್ನೊಂದು ಹೇಂಟೆಯಿಂದ. ಬೋಳು ಮಾಡುವ ಪ್ರತಿ ಒಂದಿದ್ದರೂ ಸಾಕು, ಕುತ್ತಿಗೆ ಬೋಳಾಗುತ್ತದೆ. ಆದರೆ ಪೂರ್ತಿ ಅಲ್ಲ. ಒಂದೇ ಪ್ರತಿ ಇರುವ ಕೋಳಿಗೆ ಗಂಟಲ ಕೆಳಗೆ, ತಿಂದ ಕಾಳು ನಿಲ್ಲುವ ಚೀಲದ ಮೇಲ್ಗಡೆ, ಒಂದು ಗುಚ್ಛ ಗರಿ ಉಳಿದುಕೊಳ್ಳುತ್ತದೆ. ಎರಡೂ ಪ್ರತಿ ಬೋಳಿನದೇ ಆದರೆ ಆ ಗುಚ್ಛ ಇರಲ್ಲ, ಇದ್ದರೂ ನಾಲ್ಕಾರು ಗರಿ ಮಾತ್ರ. ನೀವು ಬರೆದ 'ಒಂದು ಚಿಟಿಕೆ ಗರಿ' ಇದೇ ಗುಚ್ಛ. ಅಂದರೆ ನಿಮ್ಮ ಹೇಂಟೆಯಲ್ಲಿ ಬೋಳಿನ ಪ್ರತಿ ಒಂದೇ ಇದೆ. ಅದನ್ನು ನೀವು ಬರೆಯದಿದ್ದರೂ ಮರಿಗಳ ಲೆಕ್ಕವೇ ಹೇಳುತ್ತಿತ್ತು. ಆ ಹೇಂಟೆ ಅರ್ಧ ಮೊಟ್ಟೆಗೆ ಬೋಳಿನ ಪ್ರತಿ ಕೊಡುತ್ತದೆ, ಇನ್ನರ್ಧಕ್ಕೆ ಗರಿಯ ಪ್ರತಿ. ನಿಮ್ಮ ಹುಂಜದಲ್ಲಿ ಗರಿಯ ಪ್ರತಿ ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಸರಾಸರಿ ಅರ್ಧಕ್ಕರ್ಧ ಮರಿ ಬೋಳು. 10ರಲ್ಲಿ 5 ಬರಬೇಕಿತ್ತು, 6 ಬಂದಿದೆ. ಇಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಬೋಳು ಮರಿಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ನೋಡಿ. ಅಂಗೈಯಲ್ಲಿ ಮಲಗಿಸಿ ಗದ್ದವನ್ನು ಬೆರಳಿಂದ ಮೆಲ್ಲಗೆ ಮೇಲೆತ್ತಿ. 6 ಮರಿಗೂ ಎದೆ ಶುರುವಾಗುವ ಕಡೆ ತುಪ್ಪಳದ ಒಂದು ಸಣ್ಣ ಮಚ್ಚೆ ಕಾಣಬೇಕು. ಅಪ್ಪ ಗರಿಯ ಕೋಳಿ ಆದ್ದರಿಂದ ಎರಡೂ ಪ್ರತಿ ಬೋಳಾದ ಮರಿ ಇಲ್ಲಿ ಹುಟ್ಟೋಕೆ ಸಾಧ್ಯವಿಲ್ಲ. ಹಾಗೆಯೇ ರೆಕ್ಕೆ ಎತ್ತಿ ಪಕ್ಕೆ ನೋಡಿ, ತೊಡೆಯ ಒಳಭಾಗ ನೋಡಿ. ಅಲ್ಲೂ ಗರಿ ಕಡಿಮೆ ಇರುತ್ತದೆ. ಹೆಸರು ಕುತ್ತಿಗೆಯದ್ದಾದರೂ ಈ ಜೀನ್ ಮೈಯೆಲ್ಲ ಗರಿ ಕಡಿಮೆ ಮಾಡುತ್ತದೆ. ಒಂದು ಪ್ರತಿ ಇದ್ದರೆ ಮಾಮೂಲಿ ಕೋಳಿಗಿಂತ 20ರಿಂದ 30 ಶೇಕಡಾ ಗರಿ ಕಡಿಮೆ. ಎರಡು ಪ್ರತಿ ಇದ್ದರೆ 40 ಶೇಕಡಾ ಹತ್ತಿರ ಕಡಿಮೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಬಿಸಿಲಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಗರಿ ಇರುವ ಆ 4 ಮರಿಗಳ ಬಗ್ಗೆಯೂ ಹೇಳಬೇಕು. ಎಷ್ಟೋ ಜನ "ಅದರ ರಕ್ತದಲ್ಲೂ ಇದೆ, ಮುಂದೆ ಬರುತ್ತೆ" ಅಂತ ಅವನ್ನೇ ಸಾಕುತ್ತಾರೆ. ಬರಲ್ಲ. ಬೋಳಿನ ಪ್ರತಿ ಒಂದಿದ್ದರೂ ಹೊರಗೆ ಕಂಡೇ ಕಾಣುತ್ತದೆ, ಒಳಗೆ ಅಡಗಿ ಕೂರಲ್ಲ. ಗರಿ ಇದೆ ಅಂದರೆ ಬೋಳಿನ ಜೀನ್ ಇಲ್ಲ ಅಂತಲೇ ಲೆಕ್ಕ. ಆ 4 ಮರಿ ತಮ್ಮತಮ್ಮಲ್ಲಿ ಸೇರಿದರೆ ಎಷ್ಟು ತಲೆಮಾರಾದರೂ ಬೋಳು ಮರಿ ಹುಟ್ಟಲ್ಲ. ಇನ್ನೊಂದು ಅನುಕೂಲ, ಈ ಜೀನ್ ಗಂಡು ಹೆಣ್ಣು ಅನ್ನೋ ಭೇದ ಮಾಡಲ್ಲ. ಹುಂಜದಿಂದಲೂ ಬರುತ್ತದೆ, ಹೇಂಟೆಯಿಂದಲೂ ಬರುತ್ತದೆ, ಗಂಡು ಮರಿಗೂ ಹೆಣ್ಣು ಮರಿಗೂ ಸಮನಾಗಿ ಹೋಗುತ್ತದೆ.

ಸರಿ, ಒಂದು ಜೀನ್ ಕುತ್ತಿಗೆಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2011ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ರಾಸ್ಲಿನ್ ಸಂಸ್ಥೆಯಲ್ಲಿ. ಡಾಲಿ ಅನ್ನೋ ಕುರಿಯನ್ನು ತದ್ರೂಪಿ ಮಾಡಿದ್ದರಲ್ಲ, ಅದೇ ಸಂಸ್ಥೆ. ಡೆನಿಸ್ ಹೆಡನ್ ಅವರ ತಂಡ ಈ ಜೀನನ್ನು ಕೋಳಿಯ 3ನೇ ಕ್ರೋಮೋಸೋಮಿನಲ್ಲಿ ಪತ್ತೆ ಹಚ್ಚಿತು. ಅಲ್ಲಿ ಕಂಡದ್ದು ವಿಚಿತ್ರ. ಯಾವ ಜೀನೂ ಕೆಟ್ಟಿರಲಿಲ್ಲ. 1ನೇ ಕ್ರೋಮೋಸೋಮಿನ ಒಂದು ದೊಡ್ಡ ತುಂಡು ಎಂದೋ ಹೇಗೋ ಬಂದು 3ನೇ ಕ್ರೋಮೋಸೋಮಿನ ನಡುವೆ ಸೇರಿಕೊಂಡಿತ್ತು. ಅದರ ಸಮೀಪದಲ್ಲಿ ಬಿಎಂಪಿ-12 ಅನ್ನೋ ಪ್ರೋಟೀನ್ ತಯಾರಿಸುವ ಜೀನ್ ಇದೆ. ನಿಮ್ಮ ಎಡದಂಡೆ ಕಾಲುವೆಯಲ್ಲಿ ನೀರು ಕೆಟ್ಟಿಲ್ಲ, ಹೊಲವೂ ಕೆಟ್ಟಿಲ್ಲ, ತೂಬಿನ ಬಾಗಿಲಿಗೆ ಏನೋ ಸಿಕ್ಕಿಕೊಂಡು ಅದು ಮುಚ್ಚದೆ ನೀರು ಜಾಸ್ತಿ ನುಗ್ಗುತ್ತಿದೆ ಅಂದುಕೊಳ್ಳಿ. ಇಲ್ಲೂ ಹಾಗೇ. ಹೊರಗಿನ ತುಂಡು ಬಂದು ಕೂತದ್ದರಿಂದ ಮರಿಯ ಚರ್ಮದಲ್ಲಿ ಆ ಪ್ರೋಟೀನ್ ಬೇಕಾದ್ದಕ್ಕಿಂತ ಜಾಸ್ತಿ ತಯಾರಾಗುತ್ತದೆ.

ಬಿಎಂಪಿ ಗುಂಪಿನ ಪ್ರೋಟೀನುಗಳ ಕೆಲಸ ಗರಿಯನ್ನು ತಡೆಯೋದು. ಕಾವು ಕೂತ ಮೊದಲ ವಾರದ ಕೊನೆಯ ಹೊತ್ತಿಗೆ ಮೊಟ್ಟೆಯೊಳಗಿನ ಭ್ರೂಣದ ಚರ್ಮದಲ್ಲಿ ಗರಿ ಮೂಡುವ ಚುಕ್ಕೆಗಳು ಸಾಲುಸಾಲಾಗಿ ಏಳುತ್ತವೆ. ಕೆಲವು ಪ್ರೋಟೀನುಗಳು "ಇಲ್ಲಿ ಗರಿ ಬರಲಿ" ಅನ್ನುತ್ತವೆ, ಬಿಎಂಪಿಗಳು "ಬೇಡ" ಅನ್ನುತ್ತವೆ. ಈ ಎರಡರ ಎಳೆದಾಟದಲ್ಲೇ ಒಂದು ಗರಿಗೂ ಇನ್ನೊಂದಕ್ಕೂ ನಡುವೆ ಅಳತೆ ಮಾಡಿದ ಹಾಗೆ ಜಾಗ ಬಿಡುತ್ತದೆ. ಕೋಳಿ ಕೊಯ್ದು ಪುಕ್ಕ ಕಿತ್ತಾಗ ಚರ್ಮದ ಮೇಲೆ ಕಾಣುವ ಆ ಸಾಲು ಚುಕ್ಕೆಗಳು ಇದರದೇ ಗುರುತು. ಬೋಳು ಜೀನ್ ಇದ್ದರೆ ತಡೆಯುವ ಕಡೆ ಬಲ ಜಾಸ್ತಿ ಆಗುತ್ತದೆ.

ಅದು ಮೈಯೆಲ್ಲ ಜಾಸ್ತಿಯಾದರೂ ಕುತ್ತಿಗೆಯೇ ಮೊದಲು ಸೋಲೋದು ಯಾಕೆ? ಕುತ್ತಿಗೆಯ ಚರ್ಮದಲ್ಲಿ ಎ ಜೀವಸತ್ವದಿಂದ ತಯಾರಾಗುವ ರೆಟಿನಾಯಿಕ್ ಆಮ್ಲ ಅನ್ನೋ ವಸ್ತು ಇರುತ್ತದೆ. ಅದು ಆ ಭಾಗದ ಚರ್ಮವನ್ನು ಬಿಎಂಪಿಗೆ ಬೇಗ ಬಗ್ಗುವಂತೆ ಮಾಡುತ್ತದೆ. ರಾಸ್ಲಿನ್ ತಂಡ ಮಾಮೂಲಿ ಗರಿ ಕೋಳಿಯ ಭ್ರೂಣದ ಚರ್ಮಕ್ಕೆ ಲ್ಯಾಬಿನಲ್ಲಿ ಬಿಎಂಪಿ-12 ಹಾಕಿ ನೋಡಿತು. ಅಲ್ಲೂ ಕುತ್ತಿಗೆಯ ಗರಿಯೇ ಮೊದಲು ನಿಂತಿತು. ಅಂದರೆ ಪ್ರತಿ ಕೋಳಿಯ ಕುತ್ತಿಗೆಯೂ ಒಳಗೊಳಗೇ ಬೋಳಾಗಲು ತಯಾರಾಗಿಯೇ ಇರುತ್ತದೆ, ಹೊರಗೆ ಕಾಣಲ್ಲ ಅಷ್ಟೇ. ರಣಹದ್ದು, ಉಷ್ಟ್ರಪಕ್ಷಿಗಳಂಥ ದೊಡ್ಡ ಹಕ್ಕಿಗಳ ಕುತ್ತಿಗೆ ಬೋಳಾಗಿರೋದಕ್ಕೂ ಚರ್ಮದ ಈ ತಯಾರಿಯೇ ದಾರಿ ಮಾಡಿರಬಹುದು ಅಂತ ಆ ತಂಡ ಹೇಳಿದೆ. ನನಗೆ ಈ ಸಂಶೋಧನೆ ಬಹಳ ಇಷ್ಟ. ಹಳ್ಳಿಯ ಹಿತ್ತಿಲಲ್ಲಿ ಜನ 'ರೋಗ' ಅಂತ ಮುಖ ತಿರುಗಿಸುವ ಹಕ್ಕಿ, ಹಕ್ಕಿಗಳ ಚರ್ಮ ಹೇಗೆ ರೂಪುಗೊಳ್ಳುತ್ತದೆ ಅನ್ನೋ ದೊಡ್ಡ ಗಂಟನ್ನು ಬಿಚ್ಚಿ ಕೊಟ್ಟಿತು.

ಈಗ "ಎಲ್ಲಿಯದು" ಅನ್ನೋ ಪ್ರಶ್ನೆ. ಟ್ರಾನ್ಸಿಲ್ವೇನಿಯಾ ಇವತ್ತಿನ ರೊಮೇನಿಯಾ ದೇಶದ ಭಾಗ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಅಲ್ಲಿಯ ಬೋಳು ಕುತ್ತಿಗೆ ಕೋಳಿಗಳನ್ನು 1875ರಲ್ಲಿ ವಿಯೆನ್ನಾದ ಪ್ರದರ್ಶನಕ್ಕೆ ತಂದರು. ಯುರೋಪಿನ ಜನ ನೋಡಿ ಬೆರಗಾದರು. ಆಮೇಲೆ ಜರ್ಮನರು ಅದನ್ನು ಸಾಕಿ ತಿದ್ದಿದರು, ಹೆಸರು ಗಟ್ಟಿಯಾಯಿತು. ಅಮೆರಿಕದ ಕೋಳಿ ಸಾಕಣೆದಾರರ ಸಂಘ 1965ರಲ್ಲಿ ಅದನ್ನು ತಳಿಗಳ ಪಟ್ಟಿಗೆ ಸೇರಿಸಿತು. ಮೊಬೈಲಲ್ಲಿ ಆ ಹೆಸರೇ ಮೊದಲು ಬರೋದಕ್ಕೆ ಇದೇ ಕಾರಣ.

ಆದರೆ ಇದೇ ಕೋಳಿ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದೆ, ವಿಯೆಟ್ನಾಮಿನಲ್ಲಿ ಇದೆ, ನೈಜೀರಿಯಾ ಮತ್ತು ಘಾನಾದಲ್ಲಿ ಇದೆ, ಮೆಕ್ಸಿಕೋದಲ್ಲಿ ಇದೆ. ಮಡಗಾಸ್ಕರ್ ದ್ವೀಪದ ಕಾದಾಟದ ಹುಂಜಗಳಲ್ಲೂ ಇದೆ. ನಮ್ಮ ದೇಶದಲ್ಲಿ ಕೇರಳ, ಅಂಡಮಾನ್, ಈಶಾನ್ಯ ರಾಜ್ಯಗಳಲ್ಲಿ ಜಾಸ್ತಿ ಕಾಣುತ್ತದೆ. ಇವೆಲ್ಲ ಬೇರೆಬೇರೆಯಾಗಿ ಹುಟ್ಟಿದವಾ, ಒಂದೇ ಮೂಲದವಾ? ರಾಸ್ಲಿನ್ ತಂಡ ನೋಡಿದ ಬೋಳು ಕುತ್ತಿಗೆ ಕೋಳಿಗಳಲ್ಲಿ ಅದೇ ತುಂಡು ಅದೇ ಜಾಗದಲ್ಲಿ ಕೂತಿತ್ತು. ಒಂದು ಕ್ರೋಮೋಸೋಮಿನ ಅದೇ ತುಂಡು ಇನ್ನೊಂದರ ಅದೇ ಜಾಗಕ್ಕೆ ಎರಡನೇ ಸಲ ಬಂದು ಬೀಳುವುದು ಆಗದ ಮಾತು. ಹಾಗಾಗಿ ಎಲ್ಲೋ ಒಂದು ಕಡೆ, ಒಂದು ಕೋಳಿಯಲ್ಲಿ ಈ ಬದಲಾವಣೆ ಆಗಿ, ಅದರ ಸಂತಾನ ಮನುಷ್ಯರ ಜೊತೆ ಹಡಗು, ಬಂಡಿ, ಬುಟ್ಟಿ ಹತ್ತಿ ಊರೂರು ಸುತ್ತಿದೆ. ಆ ಒಂದು ಕಡೆ ಉತ್ತರ ರೊಮೇನಿಯಾ, ಕೆಲವು ನೂರು ವರ್ಷಗಳ ಹಿಂದೆ, ಅಂತ ರಾಸ್ಲಿನ್‌ನವರು ಹೇಳಿದರು. ಏಷ್ಯಾದಲ್ಲಿ ಹುಟ್ಟಿ ಅಲ್ಲಿಗೆ ಹೋಯಿತು ಅನ್ನುವ ವಿದ್ವಾಂಸರೂ ಇದ್ದಾರೆ. ಹೆಸರಿನ ಮೇಲೆ ಜಾಸ್ತಿ ಭಾರ ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಯುರೋಪಿನಲ್ಲಿ ಪ್ರದರ್ಶನ ಇತ್ತು, ಬಹುಮಾನ ಇತ್ತು, ದಾಖಲೆ ಪುಸ್ತಕ ಇತ್ತು. ನಮ್ಮ ಕಡೆಯ ಹಿತ್ತಿಲ ಕೋಳಿಗಳ ಬಗ್ಗೆ ಯಾರೂ ಬರೆದಿಡಲಿಲ್ಲ.

ಮೂಲದ ಮಾತು ಬಂತು ಅಂತ ಇನ್ನೊಂದು ಸಂಗತಿ ಹೇಳದೇ ಇರಲಾಗದು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ನೂರಾರು ಕೋಳಿಗಳ ಪೂರ್ತಿ ಜೀನ್ ಓದಿ 2020ರಲ್ಲಿ ಪ್ರಕಟಿಸಿದ ಅಧ್ಯಯನ, ನೈರುತ್ಯ ಚೀನಾ, ಮ್ಯಾನ್ಮಾರ್, ಉತ್ತರ ಥಾಯ್ಲೆಂಡ್ ಕಡೆಯ ಕೆಂಪು ಕಾಡುಕೋಳಿಯಿಂದ ಸಾಕುಕೋಳಿ ಬಂತು ಅಂತ ತೋರಿಸಿತು. ಆದರೆ ಕೋಳಿಯ ಕಾಲು ಮತ್ತು ಚರ್ಮದ ಹಳದಿ ಬಣ್ಣ ಅಲ್ಲಿಂದ ಬಂದದ್ದಲ್ಲ. ಅದು ಬೂದು ಕಾಡುಕೋಳಿಯದು ಅಂತ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು 2008ರಲ್ಲಿ ಕಂಡುಕೊಂಡರು. ಬೂದು ಕಾಡುಕೋಳಿ ನಮ್ಮ ದಕ್ಷಿಣ ಭಾರತದ ಹಕ್ಕಿ, ಪಶ್ಚಿಮ ಘಟ್ಟದ ಕಾಡಲ್ಲಿ ಇವತ್ತೂ ಕೂಗುತ್ತದೆ. ನಿಮ್ಮ ಹೇಂಟೆಯ ಕಾಲು ಹಳದಿ ಇದ್ದರೆ ಅದಕ್ಕೆ ನಮ್ಮ ಕಾಡಿನ ಪಾಲೂ ಇದೆ ಅಂತ ಅರ್ಥ. ಶುದ್ಧ ವಿದೇಶಿ, ಶುದ್ಧ ಸ್ವದೇಶಿ ಅನ್ನೋ ಮಾತು ಕೋಳಿಯ ವಿಷಯದಲ್ಲಿ ನಿಲ್ಲಲ್ಲ.

ಇಷ್ಟೆಲ್ಲ ಹೇಳಿದ್ದು ಬಿಸಿಲಿನ ಮಾತಿಗೆ ಬರೋಕೆ. ಏಪ್ರಿಲ್, ಮೇ ತಿಂಗಳಲ್ಲಿ ಸಿಂಧನೂರು, ಮಾನ್ವಿ, ಸಿರುಗುಪ್ಪ, ಕುಷ್ಟಗಿ ಎಲ್ಲ ಕಡೆ 40 ಡಿಗ್ರಿ ದಾಟುತ್ತದೆ. ಕೋಳಿಯ ಮೈಬಿಸಿ ಮಾಮೂಲಿಯಾಗಿಯೇ 41ರಿಂದ 42 ಡಿಗ್ರಿ. ಅದಕ್ಕೆ ಬೆವರಿನ ಗ್ರಂಥಿ ಇಲ್ಲ. ಮೈಯೊಳಗಿನ ಬಿಸಿ ಹೊರಹೋಗೋದು ಜುಟ್ಟು, ಗಲ್ಲದ ಜೋಲು, ಕಾಲು ಇಂಥ ಗರಿ ಇಲ್ಲದ ಜಾಗಗಳಿಂದ. ಉಳಿದ ಮೈಯೆಲ್ಲ ಗರಿಯ ಕಂಬಳಿ. ಬೋಳು ಕುತ್ತಿಗೆಯ ಕೋಳಿಗೆ ಬಿಸಿ ಬಿಡುವ ಜಾಗ ಜಾಸ್ತಿ ಸಿಗುತ್ತದೆ. ಬಿಸಿಲಿಗೆ ಓಡಾಡುವ ದೊಡ್ಡ ಹುಂಜದ ಕುತ್ತಿಗೆ ಕೆಂಪಗೆ ಹೊಳೆಯುತ್ತದಲ್ಲ, ಅಲ್ಲಿ ಚರ್ಮದ ಹತ್ತಿರವೇ ರಕ್ತ ಹರಿದು ಬಿಸಿ ಇಳಿಸಿಕೊಳ್ಳುತ್ತಿರುತ್ತದೆ.

ಬಿಸಿ ಇಳಿಯದಿದ್ದರೆ ಕೋಳಿ ಬಾಯಿ ತೆರೆದು ಏದುಸಿರು ಬಿಡಲು ಶುರು ಮಾಡುತ್ತದೆ. ಆಗ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೋನೇಟ್. ರಕ್ತದಲ್ಲಿ ಅದಕ್ಕೆ ಬೇಕಾದ ಕಾರ್ಬೋನೇಟ್ ಕಡಿಮೆಯಾದರೆ ಚಿಪ್ಪು ತೆಳುವಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆ ಕೈಗೆತ್ತಿದರೆ ಒಡೆಯೋದು, ಮೊಟ್ಟೆಯೇ ನಿಂತುಹೋಗೋದು ನೀವು ನೋಡಿರುತ್ತೀರಿ. ಜೊತೆಗೆ ಕೋಳಿ ಮೇವು ಬಿಡುತ್ತದೆ, ಮೈ ಹಿಡಿಯಲ್ಲ. 30 ಡಿಗ್ರಿ ಮೇಲಿನ ಸೆಕೆಯಲ್ಲಿ ಬೋಳು ಕುತ್ತಿಗೆ ಕೋಳಿಗಳು ಗರಿ ಕೋಳಿಗಿಂತ ಚೆನ್ನಾಗಿ ತಿನ್ನುತ್ತವೆ, ಚೆನ್ನಾಗಿ ಬೆಳೆಯುತ್ತವೆ ಅನ್ನೋದು ಹಲವು ದೇಶಗಳಲ್ಲಿ ಮತ್ತೆಮತ್ತೆ ಕಂಡುಬಂದ ಮಾತು. ಇನ್ನೊಂದು ಲಾಭವೂ ಇದೆ. ಗರಿ ಅಂದರೆ ಬಹುಪಾಲು ಪ್ರೋಟೀನ್, 90 ಶೇಕಡಾ ಹತ್ತಿರ. ಗರಿ ಕಡಿಮೆಯಾದರೆ ಆ ಪ್ರೋಟೀನ್ ಮಾಂಸಕ್ಕೆ, ಅದರಲ್ಲೂ ಎದೆಯ ಮಾಂಸಕ್ಕೆ ಹೋಗುತ್ತದೆ. ನುಚ್ಚು, ಸಜ್ಜೆ ತಿಂದು, ಗೆದ್ದಲು ಹುಳ ಹೆಕ್ಕಿ ಬದುಕುವ ಹಿತ್ತಿಲ ಕೋಳಿಗೆ ಪ್ರೋಟೀನ್ ಸಿಗೋದೇ ಕಷ್ಟ. ಅಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ಆದರೆ ಒಂದು ಮಿತಿ ಗೊತ್ತಿರಲಿ. ಸುತ್ತಲ ಗಾಳಿ ಮೈಗಿಂತ ತಂಪಾಗಿದ್ದಾಗ ಮಾತ್ರ ಬೋಳು ಚರ್ಮ ಬಿಸಿ ಬಿಡುತ್ತದೆ. ಮಧ್ಯಾಹ್ನ 42 ಡಿಗ್ರಿ ಇದ್ದಾಗ ಗಾಳಿಯೇ ಮೈಯಷ್ಟು ಬಿಸಿ. ಆ ಹೊತ್ತಲ್ಲಿ ಬೋಳು ಕುತ್ತಿಗೆಯಿಂದ ದೊಡ್ಡ ಉಪಕಾರ ಆಗಲ್ಲ. ಬೇವಿನ ನೆರಳು, ಮಣ್ಣಿನ ಪಾತ್ರೆಯ ತಣ್ಣೀರು ಬೇಕೇ ಬೇಕು. ಸಂಜೆ ಬಿಸಿಲಿಳಿದ ಮೇಲೆ, ರಾತ್ರಿ, ಬೆಳಗಿನ ಹೊತ್ತು ಈ ಕೋಳಿ ಬೇಗ ತಣ್ಣಗಾಗಿ ಮೇವಿಗೆ ಬಾಯಿ ಹಾಕುತ್ತದೆ. ಗೆಲ್ಲೋದು ಅಲ್ಲಿ. ಅದಕ್ಕೇ ಬೇಸಿಗೆಯಲ್ಲಿ ಮೇವನ್ನು ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ ಹಾಕಿ.

ಇದನ್ನು ಹಿತ್ತಿಲ ಆಟ ಅಂತ ಯಾರಾದರೂ ಅಂದರೆ ಹೇಳಿ: ಉತ್ತರ ಪ್ರದೇಶದ ಬರೇಲಿ ಹತ್ತಿರ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ, ಬೋಳು ಕುತ್ತಿಗೆಯ ದೇಶಿ ಕೋಳಿಯಿಂದಲೇ 'ಹಿಟ್‌ಕ್ಯಾರಿ' ಅನ್ನೋ ಹಿತ್ತಿಲ ಕೋಳಿ ತಯಾರಿಸಿದೆ. ಗುಂಗುರು ಗರಿಯ ಕೋಳಿಯಿಂದ 'ಉಪ್‌ಕ್ಯಾರಿ' ಮಾಡಿದೆ. ಫ್ರಾನ್ಸಿನಲ್ಲಿ ಬಯಲಲ್ಲಿ ಮೇಯಿಸಿ 'ಲೇಬಲ್ ರೂಜ್' ಗುರುತಿನಲ್ಲಿ ದುಬಾರಿ ಬೆಲೆಗೆ ಮಾರುವ ಕೋಳಿಗಳಲ್ಲಿ ಬೋಳು ಕುತ್ತಿಗೆಯವು ಬೇಕಾದಷ್ಟಿವೆ. ಇಸ್ರೇಲಿನಲ್ಲಿ ಅವಿಗ್ದೋರ್ ಕಹಾನರ್ ಅನ್ನೋ ವಿಜ್ಞಾನಿ ಇನ್ನೊಂದು ಜೀನ್ ಬಳಸಿ ಮೈಮೇಲೆ ಗರಿಯೇ ಇಲ್ಲದ ಕೋಳಿ ಬೆಳೆಸಿದ್ದರು. ಅದು ನಮ್ಮ ಹಿತ್ತಿಲಿಗೆ ಆಗಿಬರಲ್ಲ. ಬಿಸಿಲು ಸುಡುತ್ತದೆ, ಸೊಳ್ಳೆ ಕಚ್ಚುತ್ತದೆ, ಹುಂಜ ಏರುವಾಗ ಹೇಂಟೆಯ ಬೆನ್ನು ಗಾಯವಾಗುತ್ತದೆ. ಕುತ್ತಿಗೆ ಬೋಳು, ಮೈಮೇಲೆ ತಕ್ಕಮಟ್ಟಿಗೆ ಗರಿ, ಇದು ಒಳ್ಳೆ ಹದ.

ತೊಂದರೆಗಳೂ ಇವೆ. ಎರಡೂ ಪ್ರತಿ ಬೋಳಿನದೇ ಆದ ಮರಿಗಳು ಮೊಟ್ಟೆಯೊಳಗೇ, ಕಾವಿನ ಕೊನೆಯ ದಿನಗಳಲ್ಲಿ, ಸಾಯೋದು ಸ್ವಲ್ಪ ಜಾಸ್ತಿ. ಹಾಗಾಗಿ ಬೋಳು ಹುಂಜ, ಬೋಳು ಹೇಂಟೆ ಎರಡನ್ನೂ ಸೇರಿಸಿದರೆ ಒಡೆಯದ ಮೊಟ್ಟೆ ಹೆಚ್ಚಾಗಬಹುದು. ಭತ್ತದ ಗದ್ದೆಯ ಸೀಮೆಯಲ್ಲಿ ಸೊಳ್ಳೆ ಕಾಟ ಜಾಸ್ತಿ, ಸೊಳ್ಳೆಯಿಂದ ಕೋಳಿ ಸಿಡುಬು ಹರಡುತ್ತದೆ. ಬೋಳು ಚರ್ಮ ಸೊಳ್ಳೆಗೆ ಸುಲಭದ ತುತ್ತು. ಸಿಡುಬಿನ ಲಸಿಕೆ ಮರೆಯಬೇಡಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯಂತೂ ಎಲ್ಲ ಕೋಳಿಗೂ ಬೇಕು, ಬೋಳು ಕುತ್ತಿಗೆ ಅದರಿಂದ ಕಾಪಾಡಲ್ಲ. ಎರಡನ್ನೂ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ.

ಈಗ ಬೆಳೆಸುವ ದಾರಿ. 6 ಬೋಳು ಮರಿಗಳಲ್ಲಿ ಹುಂಜ ಆಗುವಂಥದ್ದು, ಕಾಲು ಗಟ್ಟಿ ಇರುವಂಥದ್ದು ಒಂದನ್ನು ಆರಿಸಿ. ಅದನ್ನು ತಾಯಿಯ ಮೇಲೆ, ಒಡಹುಟ್ಟಿದವುಗಳ ಮೇಲೆ ಬಿಡಬೇಡಿ. ಬೀಗರ ಊರಿನಿಂದಲೋ ಪಕ್ಕದ ಹಳ್ಳಿಯಿಂದಲೋ ಚೆನ್ನಾಗಿ ಮೊಟ್ಟೆ ಇಡುವ, ಕಾವು ಕೂರುವ ಗರಿಯ ಜವಾರಿ ಹೇಂಟೆಗಳನ್ನು ತನ್ನಿ, ಇಲ್ಲವೇ ನಿಮ್ಮ ಹುಂಜವನ್ನೇ ಅಲ್ಲಿಗೆ ಬದಲಿ ಕೊಡಿ. ಪ್ರತಿ ಸಲ ಅರ್ಧ ಮರಿ ಬೋಳು ಬರುತ್ತವೆ, ಮೊಟ್ಟೆ ಒಡೆಯೋದಕ್ಕೂ ತೊಂದರೆ ಇಲ್ಲ. ಹಿತ್ತಿಲಿಗೆ ಇದೇ ಸಾಕು ಅನ್ನೋದು ನನ್ನ ಸಲಹೆ.

ಎಲ್ಲ ಮರಿಯೂ ಬೋಳೇ ಬೇಕು, ಸಂತೆಗೆ ಒಂದೇ ಥರದ ಕೋಳಿ ಒಯ್ಯಬೇಕು ಅಂತಿದ್ದರೆ ಎರಡೂ ಪ್ರತಿ ಇರುವ ಹುಂಜ ಬೇಕು. ಸಂಬಂಧ ಇಲ್ಲದ ಎರಡು ಬೋಳು ಕೋಳಿಗಳನ್ನು ಒಮ್ಮೆ ಸೇರಿಸಿ. ನಾಲ್ಕಕ್ಕೆ ಒಂದು ಮರಿ ಎರಡು ಪ್ರತಿಯದು ಬರುತ್ತದೆ, ಗಂಟಲ ಗುಚ್ಛ ಇಲ್ಲದ್ದರಿಂದ ಗುರುತು ಸಿಗುತ್ತದೆ. ಗುಚ್ಛ ನೋಡಿ ಅನುಮಾನ ಬಂದರೆ, ಆ ಹುಂಜ ದೊಡ್ಡದಾದ ಮೇಲೆ ಗರಿಯ ಹೇಂಟೆ ಮೇಲೆ ಬಿಟ್ಟು ಮರಿ ನೋಡಿ. 8 ಮರಿಯೂ ಬೋಳೇ ಬಂದರೆ ಅದು ಎರಡು ಪ್ರತಿಯ ಹುಂಜವೇ. ಒಂದೇ ಪ್ರತಿ ಇರುವ ಹುಂಜಕ್ಕೆ ಹಾಗೆ ಬರೋದು 256ರಲ್ಲಿ ಒಂದು ಸಲ ಮಾತ್ರ. ಅಂಥ ಹುಂಜವನ್ನು ಗಿರಿರಾಜ ಅನ್ನೋ ದೊಡ್ಡ ಮೈಯ ತಳಿಯ ಹೇಂಟೆಗಳ ಮೇಲೂ ಬಿಡಬಹುದು, ತೂಕದ ಕೋಳಿ ಬೇಸಿಗೆ ತಡೆಯುತ್ತದೆ. ಆದರೆ ಗಿರಿರಾಜ ಕಾವು ಕೂರೋದು ಕಡಿಮೆ, ಮೊಟ್ಟೆಯನ್ನು ಜವಾರಿ ಹೇಂಟೆ ಕೆಳಗೆ ಇಡಬೇಕಾಗುತ್ತದೆ. ದುಡ್ಡು ಕೊಟ್ಟು ದೂರದಿಂದ 'ಶುದ್ಧ ಟ್ರಾನ್ಸಿಲ್ವೇನಿಯಾ' ತರಿಸುವ ಗೋಜಿಗೆ ಮಾತ್ರ ಹೋಗಬೇಡಿ. ಆ ಕೋಳಿಯಲ್ಲಿರುವ ಜೀನ್ ನಿಮ್ಮ ಹೇಂಟೆಯಲ್ಲೇ ಇದೆ. ನಿಮ್ಮದಕ್ಕೆ ನಾಯಿ, ಹದ್ದಿನಿಂದ ತಪ್ಪಿಸಿಕೊಳ್ಳೋದೂ ಗೊತ್ತು, ಮರಿ ಸಾಕೋದೂ ಗೊತ್ತು.

ಕಾವು ಕೂರಿಸೋದನ್ನು ದಸರಾ ನಂತರ ಶುರು ಮಾಡಿ ಶಿವರಾತ್ರಿ ಹೊತ್ತಿಗೆ ಮುಗಿಸಿ. ಬೇಸಿಗೆಯ ಕೋಣೆಯಲ್ಲಿ ಇಟ್ಟ ಮೊಟ್ಟೆಯೊಳಗೆ ಕಾವಿಲ್ಲದೆಯೂ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸತ್ತುಹೋಗುತ್ತದೆ. ಕೂಡಿಡುವಾಗ ಒದ್ದೆ ಮರಳಿನ ಮೇಲೆ ಮಡಕೆ ಇಟ್ಟು ಅದರಲ್ಲಿಡಿ, ವಾರಕ್ಕಿಂತ ಹಳೆಯದನ್ನು ಕಾವಿಗೆ ಇಡಬೇಡಿ. ಡಿಸೆಂಬರ್, ಜನವರಿಯ ರಾತ್ರಿ ಬೋಳು ಮರಿಗೆ ಗರಿ ಮರಿಗಿಂತ ಚಳಿ ಜಾಸ್ತಿ. ತಾಯಿ ಇದ್ದರೆ ಚಿಂತೆಯಿಲ್ಲ, ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ತಾಯಿ ಇಲ್ಲದೆ ಸಾಕುವುದಾದರೆ ಬುಟ್ಟಿಯೊಳಗೆ ಬಲ್ಬ್ ಹಾಕಿ, ಮೊದಲ 3 ವಾರ ತೆಗೆಯಬೇಡಿ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡರೆ ಬಲ್ಬ್ ಇನ್ನೂ ಕೆಳಗಿಳಿಸಿ, ಬುಟ್ಟಿಯ ಅಂಚಿಗೆ ಸರಿದು ಬಾಯಿ ತೆರೆದರೆ ಮೇಲೇರಿಸಿ.